ಕಡಲೆ ಹಿಟ್ಟಿನ ಗೀರು

ಕಡಲೆ ಹಿಟ್ಟಿನ ವಾಸನೆ ಬಂದರೆ ಈಗಲೂ ನನ್ನ ತುಟಿ ತಾನಾಗಿ ಊದಲು ಹೊರಡುತ್ತದೆ.

ಅಪ್ಪ ರಾಯಪುರಂನ ಹೋಟೆಲಿನಲ್ಲಿ ಬಜ್ಜಿ, ಬೋಂಡ ಕರಿಯುತ್ತಿದ್ದರು. ಬೇರೆ ಕೆಲಸ ಅವರಿಗೆ ಗೊತ್ತಿರಲಿಲ್ಲ. ಎಣ್ಣೆ ಸಿಡಿದು ಕೈ ಸುಟ್ಟಾಗಲೆಲ್ಲ ನನ್ನಿಂದ ಊದಿಸಿಕೊಳ್ಳುತ್ತಿದ್ದರು. “ನೀನು ಊದಿದ್ರೆ ಬೊಕ್ಕೆ ಏಳೂದಿಲ್ಲ” ಎನ್ನುತ್ತಿದ್ದರು.

ಒಂದು ವರ್ಷ ಅವರಿಗೆ ದಮ್ಮು ಶುರುವಾಯಿತು. ಅದು ಯಾವುದರಿಂದ ಬರುತ್ತಿದೆ ಎಂದು ತಿಳಿಯಲು ನುಂಗಂಬಾಕ್ಕಂನ ಡಾಕ್ಟರು ಒಂದು ಮಧ್ಯಾಹ್ನ ಅವರ ಮುಂಗೈ ಮೇಲೆ ಸೂಜಿಯಿಂದ ಸಾಲಾಗಿ ಗೀರಿ, ಒಂದೊಂದು ಗೀರಿಗೂ ಒಂದೊಂದು ವಸ್ತು ಕಲಸಿದ ಹನಿ ಬಿಟ್ಟರು: ಮನೆಯ ಧೂಳು, ಹತ್ತಿ, ಬೆಕ್ಕಿನ ಕೂದಲು, ಕೊನೆಗೆ ಕಡಲೆ ಹಿಟ್ಟು. ಕೆರೆಯಬೇಡಿ, ಯಾವುದು ಉಬ್ಬುತ್ತದೋ ಅದರ ಹತ್ತಿರ ಇನ್ನು ಸುಳಿಯಬೇಡಿ ಎಂದು ತಮಿಳಿನಲ್ಲಿ ಹೇಳಿ ಒಳಗೆ ಹೋದರು.

ಉಳಿದ ಗೀರುಗಳು ಸುಮ್ಮನಿದ್ದವು. ಕೊನೆಯದು ಮಾತ್ರ ಕೆಂಪಾಗಿ, ಸೊಳ್ಳೆ ಕಚ್ಚಿದ ಹಾಗೆ ಏಳತೊಡಗಿತು. ಅಪ್ಪ ಬಾಗಿಲ ಕಡೆ ನೋಡಿ, ಕೈಯನ್ನು ನನ್ನ ಬಾಯಿಯ ಹತ್ತಿರ ಹಿಡಿದರು.

“ಊದು ಮಗಾ. ಡಾಕ್ಟರು ಬರೂದ್ರೊಳಗೆ ಇಳೀಬೇಕು. ಗಟ್ಟಿ ಊದು.”

ಊದಿದೆ. ಕಣ್ಣು ಕತ್ತಲಿಡುವವರೆಗೂ ಊದಿದೆ. ಉಬ್ಬು ಅಗಲವಾಗುತ್ತಲೇ ಇತ್ತು. ಇನ್ನೊಂದು ಸಲ ಎನ್ನಲು ಅಪ್ಪನಿಗೆ ಉಸಿರು ಸಾಲಲಿಲ್ಲ. ಕೈಯನ್ನಷ್ಟೇ ಇನ್ನೂ ಹತ್ತಿರ ತಂದರು.