ಬೀಳುವಾಗ ಕೂಗಿದ್ದು

ಬೆಟ್ಟ ಹತ್ತುವಾಗ ಹಗ್ಗ ಬಿಗಿಯಲು ಬಂಡೆಗೆ ಬಡಿದಿದ್ದ ಮೊಳೆ ಕಿತ್ತುಬಂದು ಓಬಳೇಶ ಬಿದ್ದು ಸತ್ತು ಹನ್ನೊಂದು ದಿನಗಳಾಗಿದ್ದವು. ಬೀಳುವಾಗ ಅವನು ಚೀರಿರಲೂ ಇಲ್ಲ. ಜೊತೆಗಿದ್ದ ಪರ್ವತಾರೋಹಣ ಸಂಘದ ಕಾರ್ಯದರ್ಶಿ ರುದ್ರಸ್ವಾಮಿಯನ್ನು ಆ ಮೌನವೇ ಹಗಲಿಡೀ ಬೆನ್ನಟ್ಟುತ್ತಿತ್ತು.

ಸದಸ್ಯರ ಮನೆಯವರನ್ನು ನೋಡಿಕೊಳ್ಳುವುದೂ ಅವನ ಹೊಣೆಯೇ. ಓಬಳೇಶನ ಸಾಮಾನಿನ ಚೀಲ ಒಪ್ಪಿಸಲು ಅವನ ಮನೆಗೆ ಹೋದ. ತಾಯಿ ಚೀಲವನ್ನು ಮುಟ್ಟಲಿಲ್ಲ.

"ಕೊನೇಲಿ ಏನಾದ್ರೂ ಅಂದ್ನಾ ಸಾರ್?"

ಏನೂ ಅನ್ನಲಿಲ್ಲ ಎನ್ನಲು ರುದ್ರಸ್ವಾಮಿಗೆ ಬಾಯಿ ಬರಲಿಲ್ಲ.

"ಅಮ್ಮಾ ಅಂದ."

ಆಕೆ ಅವನ ಹತ್ತಿರಕ್ಕೆ ಬಂದಳು.

"ಇನ್ನೊಂದ್ಸಲ ಹೇಳಿ ಸಾರ್."

"ಅಮ್ಮಾ ಅಂತ ಜೋರಾಗಿ ಕೂಗಿದ."

ಆಕೆ ಚೀಲವನ್ನು ಎಳೆದು ಎದೆಗವಚಿಕೊಂಡಳು.

"ನಾನು ಮಲತಾಯಿ ಸಾರ್. ಹದಿನಾರು ವರ್ಷ ಸಾಕ್ದೆ, ಒಂದಿನಾನೂ ಹಂಗೆ ಕರ್ದಿರ್ಲಿಲ್ಲ."