ಅಡುಗೆಯವನ ಹಾಜರಿ

“ರೀ, ಇಲ್ಲಿ ನಿಮ್ಮನ್ನೂ ಸಾಯಿಸಿಬಿಟ್ಟಿದ್ದಾರೆ,” ಎಂದಳು ಹೆಂಡತಿ, ಕನ್ನಡಕ ಸರಿಮಾಡಿಕೊಂಡು. “ಕೆಳಗಿನಿಂದ ಮೂರನೇ ಸಾಲು ನೋಡಿ.”

ಸಮುದ್ರಕ್ಕೆ ಮುಖಮಾಡಿ ನಿಲ್ಲಿಸಿದ ಕಪ್ಪು ಕಲ್ಲಿನ ಮೇಲೆ, ಯುದ್ಧದಲ್ಲಿ ಮುಳುಗಿದ ಹಡಗಿನ ಅರವತ್ತೆರಡು ಜನರ ಹೆಸರು ಕೆತ್ತಿದ್ದರು. ಆ ಹಡಗಿನಲ್ಲಿ ಅಡುಗೆಯವನಾಗಿದ್ದ ಅವಳ ಗಂಡನದೂ ಇತ್ತು. ಅಡುಗೆಯವನು ಬಗ್ಗಿ ತನ್ನ ಹೆಸರು ಓದಿಕೊಂಡ. ಕರವಸ್ತ್ರ ತೆಗೆದು ಅಕ್ಷರಗಳ ಸಂದಿಯ ಧೂಳು ಒರೆಸಿದ. “ಚೆನ್ನಾಗಿ ಬಂದಿದೆ,” ಎಂದ.

ಹೆಂಡತಿಗೆ ಮೈ ಉರಿಯಿತು. ಇನ್ನೊಂದು ಗಂಟೆಗೆ ಉದ್ಘಾಟನೆ. ಪಕ್ಕದಲ್ಲಿ ಉಳಿ ಸುತ್ತಿಡುತ್ತಿದ್ದ ಕಲ್ಲುಕುಟಿಗನನ್ನು ಕರೆದಳು. “ಇವರು ಗುಂಡುಕಲ್ಲಿನ ಹಾಗೆ ಇದ್ದಾರೆ. ಹೆಸರು ಅಳಿಸಿ.”

“ಇದೇನು ಸ್ಲೇಟೇನಮ್ಮ? ಒಂದು ಹೆಸರು ತೆಗೀಬೇಕಂದ್ರೆ ಇಡೀ ಮುಖ ಉಜ್ಜಬೇಕು. ಮಿಕ್ಕ ಅರವತ್ತೊಂದು ಜನಾನೂ ಹೋಗ್ತಾರೆ. ಬಂದರಿನ ಗೇಟಿನ ಹಾಜರಿ ಪುಸ್ತಕದಲ್ಲಿ ಇದ್ದ ಹಾಗೇ ಕೆತ್ತಿದೀನಿ. ಹಡಗು ಹೊರಟ ದಿನ ಇವರು ಹಾಜರು ಅಂತಲೇ ಇದೆ.”

“ನಮ್ಮ ಹಡಗಿನ ಬಾಯ್ಲರಿನವನು ಕೂಗಿರ್ತಾನೆ,” ಎಂದ ಅಡುಗೆಯವನು. “ನಾನು ತಡವಾದಾಗಲೆಲ್ಲ ನನ್ನ ಹಾಜರಿ ಅವನೇ ಕೂಗ್ತಿದ್ದ. ಅದಕ್ಕೆ ಅವನ ತಟ್ಟೆಗೆ ಒಂದು ಮೊಟ್ಟೆ ಜಾಸ್ತಿ.”

ಆ ದಿನ ತಡವಾಗಿದ್ದೇಕೆಂದು ಗಂಡಹೆಂಡಿರಿಬ್ಬರಿಗೂ ಗೊತ್ತಿತ್ತು. ಮದುವೆಯಾಗಿ ಎರಡು ತಿಂಗಳು. ಅಡುಗೆಗೆ ಉಪ್ಪು ಕಮ್ಮಿ ಎಂದನೆಂದು ಅವಳು ರಂಪ ಮಾಡಿ, ಅವನು ಒಳಗಿರುವಾಗಲೇ ಹೊರಗಿನಿಂದ ಚಿಲಕ ಜಡಿದು ತವರಿಗೆ ನಡೆದಿದ್ದಳು. ಸಿಟ್ಟಿಳಿದು ವಾಪಸು ಬರುವಷ್ಟರಲ್ಲಿ ಹಡಗು ಹೋಗಿತ್ತು. ಮೂರನೇ ದಿನ ಅದು ಮುಳುಗಿದ ಸುದ್ದಿ ಬಂತು. ಆಮೇಲೆ ಐವತ್ತು ವರ್ಷ ಅವನು ಆ ಚಿಲಕದ ಮಾತೇ ಎತ್ತಲಿಲ್ಲ. ಬೈದಿದ್ದರೆ ಅತ್ತು ಮುಗಿಸಬಹುದಿತ್ತು, ಹೊಗಳಿದ್ದರೆ ಬೀಗಬಹುದಿತ್ತು. ಈಗ ನೋಡಿದರೆ ಕಲ್ಲನ್ನು ಮೊಮ್ಮಗುವಿನ ಕೆನ್ನೆಯ ಹಾಗೆ ಸವರುತ್ತಿದ್ದಾನೆ. ಹಡಗಿನವರ ಜೊತೆಗೇ ಹೋಗಬೇಕಿತ್ತೆಂದು ಇವನಿಗೆ ಅನ್ನಿಸುತ್ತಲೇ ಇತ್ತೇನೋ.

“ಒಂದೊಂದೇ ಹೆಸರು ಕರೀತಾರಂತೆ. ಮನೆಯವರು ಎದ್ದು ‘ಹಾಜರು’ ಅನ್ಬೇಕಂತೆ,” ಎಂದಳು. “ನಿಮ್ಮದು ಬಂದಾಗ ನಾನೇನನ್ನಲಿ?”

“ನೀನು ಸುಮ್ನಿರು. ಸತ್ತವನೇ ಖುದ್ದಾಗಿ ಬಂದಿದ್ದೀನಲ್ಲ.”

ಉದ್ಘಾಟನೆ ಶುರುವಾಗಿ, ಅಧಿಕಾರಿಯೊಬ್ಬ ಮೈಕಿನ ಮುಂದೆ ಪಟ್ಟಿ ಓದತೊಡಗಿದ. ಮಗ, ತಂಗಿ, ಮೊಮ್ಮಗಳು, ಒಬ್ಬೊಬ್ಬರೇ ಎದ್ದರು. ಮುಂದಿನ ಸಾಲಿನಲ್ಲಿದ್ದ ಬಾಯ್ಲರಿನವನ ಹೆಂಡತಿ ‘ಹಾಜರು’ ಎಂದು, ಮೊಣಕಾಲು ಹಿಡಿದುಕೊಂಡು ಮತ್ತೆ ಕೂತಳು. ಅಡುಗೆಯವನ ಹೆಸರು ಬಂತು. ಬೇಡವೆಂದು ಹೆಂಡತಿ ಅವನ ತೋಳು ಜಗ್ಗಿದಳು. ಅವನು ಎದ್ದು ನೆಟ್ಟಗೆ ನಿಂತ.

“ಗೈರುಹಾಜರು, ಸಾರ್.”

ಅಧಿಕಾರಿಯ ಬೆರಳು ಪಟ್ಟಿಯ ಮೇಲೆ ನಿಂತಿತು. “ಕಾರಣ?” ಎಂಬ ಮಾತು ಅಭ್ಯಾಸಬಲದಿಂದ ಮೈಕಿನಲ್ಲಿ ಬಿದ್ದುಹೋಯಿತು.

“ಹೆಂಡ್ತಿ ಬಿಡ್ಲಿಲ್ಲ, ಸಾರ್.” ಅವನು ತೋಳಿಗೆ ಜೋತುಬಿದ್ದ ಕೈಯನ್ನು ತೋರಿಸಿದ. “ಇವತ್ತಿಗೂ ಬಿಟ್ಟಿಲ್ಲ.”

ಕುರ್ಚಿ ಕುರ್ಚಿಯೂ ನಕ್ಕಿತು. ಭೂಮಿಗಿಳಿದುಹೋಗುವಷ್ಟು ನಾಚಿಕೆಯಲ್ಲೂ ಅವಳು ಅವನ ದನಿಯಲ್ಲಿ ದೂರು ಹುಡುಕಿದಳು. ಸಿಗಲಿಲ್ಲ.

ಬಾಯ್ಲರಿನವನ ಹೆಂಡತಿ ಮಾತ್ರ ನಗದೆ ಹಿಂದಕ್ಕೆ ತಿರುಗಿ ಅವಳನ್ನೇ ನೋಡಿದಳು.

“ಆವತ್ತು ನಮ್ಮನೆಯವ್ರಿಗೂ ತಡ ಆಗೋದ್ರಲ್ಲಿತ್ತು, ಎಚ್ಚರಾನೇ ಆಗಿರ್ಲಿಲ್ಲ,” ಎಂದಳು. “ನಾನೇ ಎಬ್ಬಿಸಿ ಕಳಿಸ್ದೆ.”