ಗೂಟದ ಮೇಲಿನ ಪೆಟ್ಟು

ನಮ್ಮ ಕಡೆ ಸದ್ದು ತಾನಾಗಿ ಸಾಯುವುದಿಲ್ಲ, ಯಾರಾದರೂ ಕತ್ತರಿಸಬೇಕು. ಹುಲಿಗೆವ್ವನ ಕಸುಬೇ ಅದು. ಕುಷ್ಟಗಿಯ ರೆಕಾರ್ಡಿಂಗ್ ಕೋಣೆಯಲ್ಲಿ ಕೂತು, ಹಲಗಿಯ ಒಂದೊಂದು ಪೆಟ್ಟನ್ನೂ ಬೇಕಾದಷ್ಟಕ್ಕೆ ಕತ್ತರಿಸಿ, ಮೊನೆ ತಿದ್ದಿ, ಹಾಡಿಗೆ ಹೊಂದಿಸುತ್ತಾಳೆ.

ಆವತ್ತು ಬಾರಿಸಲು ಬಂದವನು ಮುದುಕ ದುರಗಪ್ಪ. ಲಕ್ವ ಹೊಡೆದು ಎದ್ದ ಮೇಲೆ ಇದೇ ಮೊದಲ ಹಾಡು. ಹುಲ್ಲಿನ ಬೆಂಕಿಗೆ ಹಲಗಿ ಕಾಯಿಸಿ ಒಂದು ಪೆಟ್ಟು ಹಾಕಿದ. ಒದ್ದೆ ಬಟ್ಟೆ ಬಡಿದಂತೆ ಕೇಳಿಸಿತು.

"ಮುಗೀತು ಬಿಡವ್ವ. ಬ್ಯಾರೆಯವರನ್ನ ಕರಸು."

"ಕುಂದ್ರು ಕಾಕಾ, ಚಾ ಕುಡಿ. ಬಂದೆ," ಎಂದು ಹುಲಿಗೆವ್ವ ಮನೆಗೆ ಹೋದಳು.

ಮಗುವಿಗೆ ಹೆಸರಿಡುವ ದಿನದ ಮೊದಲ ಪೆಟ್ಟನ್ನು ಕತ್ತರಿಸದೆ ತೊಟ್ಟಿಲ ಮೇಲಿನ ಗೂಟಕ್ಕೆ ತೂಗುಹಾಕುವುದು ನಮ್ಮಲ್ಲಿ ರೂಢಿ. ಅವಳ ಪೆಟ್ಟು ಹಾಕಿದ್ದವನು ಇದೇ ದುರಗಪ್ಪ. ನಲವತ್ತು ವರ್ಷ ಅದು ಗುಂಯ್ ಎನ್ನುತ್ತಲೇ ಇತ್ತು. ಅವ್ವ ಸತ್ತ ವಾರ ಅವಳಿಗೆ ನಿದ್ದೆ ಬಂದದ್ದು ಅದರಿಂದಲೇ. ಅದನ್ನು ಗೂಟದಿಂದ ಬಿಡಿಸಿ ಉಡಿಯಲ್ಲಿ ತಂದಳು.

ಸಂಜೆಯವರೆಗೂ ಕೂತು ಅದನ್ನು ತುಂಡು ಮಾಡಿ, ತುಂಡು ತುಂಡಿಗೂ ಮೊನೆ ತೆಗೆದು ಹಾಡಿಗೆ ಹೊಂದಿಸಿದಳು. ಹಾಡು ಮೊಳಗಿತು.

"ಯಾರ ಕೈಯವ್ವಾ ಇದು? ಭಾರೀ ಸೊಕ್ಕೈತಿ!" ಎಂದ ದುರಗಪ್ಪ.

"ನಿಂದ ಕಾಕಾ. ನನಗ ಹೆಸರಿಟ್ಟ ದಿನದ್ದು."

 ಮುದುಕ ಕಣ್ಣೊರೆಸಿಕೊಂಡು, "ಹುಚ್ಚಿ, ಗೂಟ ಖಾಲಿ ಮಾಡಿಕೊಂಡ್ಯಲ್ಲ!" ಎಂದ.

"ಖಾಲಿ ಯಾಕ?"

ಬೆಳಗಿನ ಆ ಒದ್ದೆ ಪೆಟ್ಟು ಕೋಣೆಯ ಮೂಲೆಯಲ್ಲಿ ಇನ್ನೂ ಸಣ್ಣಗೆ ಮಿಡಿಯುತ್ತಿತ್ತು. ಹುಲಿಗೆವ್ವ ಕತ್ತರಿ ಕೆಳಗಿಟ್ಟು, ಅದನ್ನು ಉಡಿಗೆ ಹಾಕಿಕೊಂಡಳು.